ಹೊಳೆಗೆ ಬಿಟ್ಟ ನಳಿಗೆ

ಶಿಕಾರಿಪುರದ ಕೋವಿ ರಿಪೇರಿ ಹಬೀಬುಲ್ಲಾ ಸಾಹೇಬರಿಗೆ ಜೀವಮಾನದಲ್ಲಿ ಎರಡೇ ಸಲ ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತ್ತು. ಎರಡು ಸಲಕ್ಕೂ ಕಾರಣ ಒಬ್ಬರೇ, ಆನವಟ್ಟಿ ಪಕ್ಕದ ಹಳ್ಳಿಯ ಸದಾಶಿವಪ್ಪಗೌಡರು.

ಗೌಡರದು ತಂದೆಯ ಕಾಲದ ರಿವಾಲ್ವರು. ಗುರಿ ಇಟ್ಟದ್ದು ಹಂದಿಗಾದರೆ ಗುಂಡು ಹೋಗುತ್ತಿದ್ದದ್ದು ಬೇಲಿಗೆ. ಹಬೀಬುಲ್ಲಾ ನಳಿಗೆಯೊಳಗೆ ಕಣ್ಣಿಟ್ಟು ನೋಡಿದರೆ, ಗುಂಡನ್ನು ತಿರುಗಿಸಿ ಕಳಿಸುವ ಗೆರೆಗಳೇ ಇಲ್ಲ, ಎಲ್ಲ ತುಕ್ಕು ತಿಂದು ಸವೆದುಹೋಗಿದೆ. ವಿಚಾರಿಸಿದಾಗ ತಿಳಿಯಿತು: ಪ್ರತಿ ಆಯುಧಪೂಜೆಗೂ ಅದಕ್ಕೆ ಹಾಲು ನೀರಿನ ಅಭಿಷೇಕವಂತೆ! ಅದಕ್ಕೂ ಮುಂಚೆ ಗೌಡರ ಹೆಂಡತಿ ಅಕ್ಕನಾಗಮ್ಮ ಹುಣಸೇಹಣ್ಣು, ಬೂದಿ ಹಾಕಿ ತಂಬಿಗೆ ಬೆಳಗಿದ ಹಾಗೆ ಬೆಳಗುತ್ತಿದ್ದರಂತೆ. ರಿವಾಲ್ವರಿನ ಮೈಮೇಲಿನ ನಂಬರು ಆ ತಾಯಿಯ ಕೈಯಲ್ಲಿ ಎಂದೋ ಅಳಿಸಿಹೋಗಿತ್ತು. ನಳಿಗೆಯ ಅಡಿಯಲ್ಲಿ ಕೆತ್ತಿದ್ದ ಅದೇ ನಂಬರೊಂದು ಮಾತ್ರ ಉಳಿದಿತ್ತು. ಮೊದಲ ಸಲ ತಲೆ ಚಚ್ಚಿಕೊಂಡದ್ದು ಆಗ.

ಅದೇ ಮಾದರಿಯ ಇನ್ನೊಂದು ನಳಿಗೆ ಹುಡುಕುವುದರಲ್ಲಿ ಎಂಟು ತಿಂಗಳು ಕಳೆದವು. ಹುಬ್ಬಳ್ಳಿಗೆ ಬರೆದರು, ಬೆಳಗಾವಿಗೆ ಬರೆದರು. ಕೊನೆಗೆ ದಾವಣಗೆರೆಯಲ್ಲಿ ಒಂದು ಮುರುಕಲು ರಿವಾಲ್ವರು ಸಿಕ್ಕಿ, ಅದರ ನಳಿಗೆ ಇವರ ಕೈಗೆ ಬಂತು. ಗೌಡರ ಹಳೆಯ ನಳಿಗೆಯೋ, ಸೀಮೆಎಣ್ಣೆಯಲ್ಲಿ ನೆನೆಸಿಟ್ಟರೂ ಅಲುಗಾಡಲೊಲ್ಲದು. ಅದನ್ನು ಬಿಚ್ಚಿ, ಹೊಸದನ್ನು ಕೂಡಿಸಿ, ಗುಂಡು ತುಂಬುವ ಆರೂ ಮನೆಗಳು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನೋಡಿ ಮುಗಿಸುವಷ್ಟರಲ್ಲಿ ಅವರ ಬೆನ್ನು ಬಿದ್ದುಹೋಯಿತು.

ಹಳೆಯ ನಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಗೌಡರ ಕೈಗಿತ್ತು ಮೂರು ಸಲ ಹೇಳಿದರು. ಇದರಲ್ಲಿ ನಂಬರಿದೆ, ಸೊರಬದ ಅಮಲ್ದಾರರ ಕಚೇರಿಯಲ್ಲಿ ತೋರಿಸಬೇಕು, ಅವರು ಹೂಂ ಅಂದ ಮೇಲೆ ಅದೇ ನಂಬರನ್ನು ಹೊಸದಕ್ಕೆ ಕೆತ್ತಿಕೊಡುತ್ತೇನೆ, ಅಲ್ಲಿಯವರೆಗೆ ಜೋಪಾನ, ಎಂದು. ಗೌಡರು ನಳಿಗೆಯನ್ನು ಕಣ್ಣಿಗೊತ್ತಿಕೊಂಡರು. ಅನುಮಾನ ಬರಬೇಕಿದ್ದದ್ದು ಅಲ್ಲಿಯೇ.

ಆ ತಿಂಗಳೇ ಹಬೀಬುಲ್ಲಾ ಅವರ ರಿಪೇರಿ ಲೈಸೆನ್ಸು ನವೀಕರಣವಾಗಬೇಕಿತ್ತು. ಬಿಚ್ಚಿದ ನಳಿಗೆ ಎಲ್ಲಿ ಹೋಯಿತು ಎಂಬುದಕ್ಕೆ ಜವಾಬು ಇಲ್ಲದಿದ್ದರೆ ಅಂಗಡಿಗೆ ಬೀಗವೇ. ಐವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಬೇರೆ ಕಸುಬು ಬಾರದು.

ಸೊರಬದ ಕಚೇರಿ ಜಗಲಿಯಲ್ಲಿ ಗೌಡರು ಸಿಕ್ಕರು. ನಳಿಗೆ ಎಲ್ಲಿ ಎಂದು ಕೇಳಿದರೆ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

"ದಂಡಾವತಿ ಹೊಳೆಗೆ ಬಿಟ್ಟೆ ಸಾಬ್ರೇ. ಮೂವತ್ತು ವರ್ಷ ಪೂಜೆ ಮಾಡಿದ್ದು. ಭಿನ್ನ ಆದ್ಮೇಲೆ ಮನೇಲಿ ಇಟ್ಕಂಡ್ರೆ ಆಗುತ್ತೇನ್ರೀ?"

ಯಾ ಅಲ್ಲಾ! ಇಷ್ಟು ತಿಂಗಳ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತಲ್ಲ! ಅದೇನು ದೇವರ ವಿಗ್ರಹವೇ, ಕಬ್ಬಿಣದ ತುಂಡು ಎಂದು ಹಬೀಬುಲ್ಲಾ ಎರಡನೇ ಸಲ ತಲೆ ಚಚ್ಚಿಕೊಂಡು ಕೂಗಾಡಿದರು. ಗೌಡರು ಹೂವು, ವಿಭೂತಿ ಸಮೇತ ಬಿಟ್ಟೆ, ಏನೂ ಲೋಪ ಮಾಡಿಲ್ಲ ಎಂದು ಸಮಾಧಾನ ಹೇಳಿದರು. ಮಳೆಗಾಲದ ಹೊಳೆ, ಹುಡುಕುವ ಮಾತೇ ಇರಲಿಲ್ಲ.

ಒಳಗೆ ಕಚೇರಿಯ ಶಿರಸ್ತೇದಾರರು ಕಾಗದವನ್ನೆಲ್ಲ ಓದಿ ಕನ್ನಡಕ ತೆಗೆದಿಟ್ಟರು. ಅವರಿಗೆ ಬೇಕಾದದ್ದು ಒಂದೇ ಉತ್ತರ.

"ಹಳೇ ನಳಿಗೆ ನಿಮ್ಮ ಕೈಗೆ ಬಂತೋ ಇಲ್ವೋ ಗೌಡ್ರೇ? ಬಂದಿಲ್ಲ ಅಂದ್ರೆ ಸಾಬರ ಲೈಸೆನ್ಸು ರದ್ದು, ನಿಮ್ಮ ರಿವಾಲ್ವರಿಗೆ ಹೊಸ ನಂಬರು ಕೊಡ್ತೀವಿ. ಬಂತು, ನಾನೇ ಕಳೆದೆ ಅಂದ್ರೆ ನಂಬರಿಲ್ಲದ ಆಯುಧ ಸರ್ಕಾರಕ್ಕೆ ಜಮಾ."

ಹಬೀಬುಲ್ಲಾ ಅವರಿಗೆ ಬೆಳಗ್ಗೆಯಿಂದ ಈ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಬೈದದ್ದು ಒಂದೊಂದೇ ನೆನಪಾಯಿತು. ಇಲ್ಲ ಅನ್ನಲಿಕ್ಕೆ ಗೌಡರಿಗೆ ಎಷ್ಟು ಹೊತ್ತು ಬೇಕು? ತಂದೆಯ ರಿವಾಲ್ವರು ಉಳಿಯುತ್ತದೆ, ಹಾಳಾಗುವುದು ಶಿಕಾರಿಪುರದ ಯಾವನೋ ಸಾಬಿ.

ಗೌಡರು ಒಂದು ಸಲ ರಿವಾಲ್ವರಿನ ಹಿಡಿಯನ್ನು ಸವರಿದರು. ನಂತರ ಅದನ್ನು ಮೇಜಿನ ಮೇಲೆ ಇಟ್ಟು, ನಳಿಗೆ ನನ್ನ ಕೈಗೆ ಬಂದಿತ್ತು, ನಾನೇ ಹೊಳೆಗೆ ಬಿಟ್ಟೆ ಎಂದು ಬರೆಸಿ ರುಜು ಹಾಕಿದರು.

ಹೊರಗೆ ಬಂದಾಗ ಹಬೀಬುಲ್ಲಾ ಅವರ ಕಣ್ಣಲ್ಲಿ ನೀರು ನಿಂತಿತ್ತು. ಗೌಡರ ಕೈ ಹಿಡಿದುಕೊಂಡು, ನನ್ನ ಸಲುವಾಗಿ ಅಪ್ಪನ ವಸ್ತು ಬಿಟ್ಟುಕೊಟ್ಟಿರಿ, ಈ ಋಣ ಹೇಗೆ ತೀರಿಸಲಿ ಎಂದು ಬಡಬಡಿಸಿದರು.

"ನಿಮ್ಮ ಸಲುವಾಗಿ ಅಲ್ಲ ಸಾಬ್ರೇ," ಎಂದರು ಗೌಡರು. "ಗಂಗೆಗೆ ಕೊಟ್ಟಿದ್ದನ್ನ ಕೊಟ್ಟಿಲ್ಲ ಅಂತ ಹೆಂಗ್ ಹೇಳ್ಲಿ?"

ಹಬೀಬುಲ್ಲಾ ಹಿಡಿದ ಕೈ ಬಿಟ್ಟರು. ಬಂದ ಕಣ್ಣೀರನ್ನು ಏನು ಮಾಡುವುದೆಂದು ತಿಳಿಯದೆ ಟವೆಲಿನಿಂದ ಒರೆಸಿಕೊಂಡರು.

"ಒಂದು ಮಾತಿಗೆ ನನ್ನ ಸಲುವಾಗಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಗೌಡ್ರೇ?"

ಗೌಡರು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು.

"ಅದೂ ಸುಳ್ಳಾಗ್ತಿತ್ತಲ್ರೀ," ಎಂದರು.