ಜುಮ್ಮೆನ್ನುವ ಬಾಗಿಲು

ನಾನು ಒಂದು ನೀಲಿ ಕೇಬಲ್. ಈಗ ನನ್ನ ಮೇಲೆ ಎರಡು ಸೀರೆ, ಒಂದು ಟವೆಲ್ಲು ಒಣಗುತ್ತಿವೆ. ಹಾಗೆಂದು ನನ್ನನ್ನು ಬಟ್ಟೆಯ ಹಗ್ಗವೆಂದು ತಿಳಿಯಬೇಡಿ. ಬೆಟ್ಟ, ಕಾಡು, ಕಡಲು ಎಲ್ಲವನ್ನೂ ಕಂಡು ಬಂದವಳು ನಾನು.

ಹುಟ್ಟಿದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಬಿಸಿ ಯಂತ್ರದ ಬಾಯಿಂದ ನೀಲಿ ಅಂಗಿ ತೊಟ್ಟು ಹೊರಬಂದಾಗ ನನ್ನೊಳಗೆ ಮೂರು ತಂತಿಗಳಿದ್ದವು. ಕೆಂಪಣ್ಣ ಕರೆಂಟನ್ನು ಹೊತ್ತು ತರುತ್ತಾನೆ. ಕಪ್ಪಣ್ಣ ಅದನ್ನು ಹಿಂದಕ್ಕೆ ಒಯ್ಯುತ್ತಾನೆ. ಹಸಿರು ತಂಗಿ ಮಾತ್ರ ಸುಮ್ಮನಿರುತ್ತಾಳೆ. ಕರೆಂಟು ಎಲ್ಲಾದರೂ ದಾರಿ ತಪ್ಪಿ ಲೋಹಕ್ಕೆ ಹತ್ತಿಕೊಂಡರೆ, ಅದು ಮನುಷ್ಯರ ಮೈ ಸೇರುವ ಮೊದಲೇ ಕೈಹಿಡಿದು ಮಣ್ಣಿಗೆ ಇಳಿಸುವುದು ಅವಳ ಕೆಲಸ. ಅಂಥ ಗಳಿಗೆ ಬರುವುದೇ ಅಪರೂಪ. ಹಾಗಾಗಿ ನೋಡುವವರ ಕಣ್ಣಿಗೆ ಅವಳು ದಂಡಕ್ಕೆ ಇರುವವಳು.

ಎರಡು ತುದಿಗೂ ದಪ್ಪನೆಯ ನೀಲಿ ಪ್ಲಗ್ಗುಗಳನ್ನು ಜೋಡಿಸಿ ನನ್ನನ್ನು ಮೈಸೂರಿಗೆ ಕಳಿಸಿದರು. ಅಲ್ಲಿ ವಸುಂಧರಾ ಎಂಬ ಹೆಣ್ಣುಮಗಳು ಒಂದು ಕ್ಯಾರವಾನ್ ಕಟ್ಟಿಸಿದ್ದರು. ಮಂಚ, ಒಲೆ, ಪುಟ್ಟ ಗೀಸರು, ಫ್ರಿಜ್ಜು ಎಲ್ಲವನ್ನೂ ಹೊತ್ತು ಓಡುವ ಮನೆ ಅದು! ಕ್ಯಾಂಪು ಸೇರಿದ ಕೂಡಲೇ ಗಾಡಿಗೂ ಅಲ್ಲಿನ ಕರೆಂಟು ಕಂಬಕ್ಕೂ ನಂಟು ಬೆಸೆಯುವವಳು ನಾನು. ನಾನು ಕೂಡಿಕೊಂಡ ಮೇಲೆಯೇ ದೀಪ, ಆಮೇಲೆಯೇ ಬಿಸಿನೀರು. ಹೆಮ್ಮೆಯಾಗದೆ ಇರುತ್ತದೆಯೇ?

ವಸುಂಧರಾ ಪುಕ್ಕಲು ಎಂದು ಗೆಳತಿಯರು ಚುಡಾಯಿಸುತ್ತಿದ್ದರು. ಎಷ್ಟೇ ಅವಸರವಿದ್ದರೂ ಆಕೆ ನನ್ನ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸುತ್ತಿದ್ದರು. ಸುತ್ತಿಕೊಂಡೇ ದುಡಿದರೆ ನನ್ನ ಮೈ ಕಾದು ಸುಡುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಕಂಬದ ಸ್ವಿಚ್ಚು ಆರಿಸಿಟ್ಟು, ಮೊದಲು ನನ್ನನ್ನು ಗಾಡಿಗೆ ಸಿಕ್ಕಿಸಿ, ಆಮೇಲೆ ಕಂಬಕ್ಕೆ ಸಿಕ್ಕಿಸಿ, ಕೊನೆಗೆ ಸ್ವಿಚ್ಚು ಹಾಕುವರು. ಗಾಡಿಯೊಳಗೆ ಹೋಗಿ, ಕರೆಂಟು ಸೋರಿದರೆ ತಾನೇ ಆರಿಬಿಡುವ ಟ್ರಿಪ್ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತುವರು. ಟಪ್ಪೆಂದು ಎಲ್ಲ ಆರಿಹೋಗುತ್ತಿತ್ತು. ಆಗ ಆಕೆಯ ಮುಖದಲ್ಲಿ ಒಂದು ನಗು. ದೀಪ ಹತ್ತಿದಾಗ ನಗುವವರನ್ನು ಬಹಳ ಕಂಡಿದ್ದೇನೆ, ಆರಿದಾಗ ನಕ್ಕವರು ಅವರೊಬ್ಬರೇ.

ಕೆಲವು ವರ್ಷಗಳ ಮೇಲೆ ಗಾಡಿ ಮಂಡ್ಯದ ತಿಮ್ಮೇಶನ ಕೈಸೇರಿತು. ನಾನೂ ಅದರ ಜೊತೆಗೇ ಹೋದೆ. ಆತನದು ಫೋಟೊ ಸ್ಟುಡಿಯೊ. ತಾಯಿ ಪುಟ್ಟತಾಯಮ್ಮ, ಹೆಂಡತಿ ಸುಗುಣಾ, ಚಿಕ್ಕ ಮಗಳು ಇಂಚರ. ನನ್ನ ನೀಲಿ ಪ್ಲಗ್ಗು ಅವರ ಮನೆಯ ಗೋಡೆಯ ಸಾಕೆಟ್ಟಿಗೆ ಕೂರಲಿಲ್ಲ. ತಿಮ್ಮೇಶ ಅದನ್ನು ಕತ್ತರಿಸಿ ಮನೆಯಲ್ಲಿ ಬಳಸುವ ತ್ರೀಪಿನ್ ಜೋಡಿಸಿದ. ಕೆಂಪಣ್ಣನನ್ನು ಬಿಗಿದ, ಕಪ್ಪಣ್ಣನನ್ನು ಬಿಗಿದ. ಹಸಿರು ತಂಗಿ ಗಿಡ್ಡವಾಗಿದ್ದಳು, ಎಷ್ಟೆಳೆದರೂ ಸ್ಕ್ರೂ ಮುಟ್ಟಲಿಲ್ಲ. ಇದರಲ್ಲಿ ಕರೆಂಟೇ ಬರಲ್ಲವಲ್ಲ ಎಂದುಕೊಂಡು ಆಕೆಯನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿಬಿಟ್ಟ. ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಸಿರು ತಂಗಿಗೆ ಮಣ್ಣಿನ ದಾರಿ ಮುಚ್ಚಿಹೋದದ್ದು ನನಗೆ ಮಾತ್ರ ಗೊತ್ತಿತ್ತು.

ಆ ಡಿಸೆಂಬರಿನಲ್ಲಿ ಕಾರವಾರದ ಕಡೆಗೆ ಹೊರಟೆವು. ಏನು ಸಂಭ್ರಮ! ದಾರಿಯುದ್ದಕ್ಕೂ ಹಾಡು, ಚಕ್ಕುಲಿ, ಕಿಟಕಿಗಾಗಿ ಅಜ್ಜಿ ಮೊಮ್ಮಗಳ ಜಗಳ. ಗಾಳಿಮರಗಳ ನಡುವೆ ಕ್ಯಾಂಪು, ಮರಗಳ ಆಚೆ ಕಡಲು. ಕಂಬದಲ್ಲಿ ನೀಲಿ ಸಾಕೆಟ್ಟೂ ಇತ್ತು, ಪಕ್ಕದಲ್ಲಿ ಫೋನು ಚಾರ್ಜಿಗೆಂದು ಮನೆಯಂಥ ಸಾಕೆಟ್ಟೂ ಇತ್ತು. ಅದಕ್ಕೆ ಟ್ರಿಪ್ಪಿನ ಕಾವಲಿರಲಿಲ್ಲ. ನನ್ನನ್ನು ಸಿಕ್ಕಿಸಿದ್ದು ಅದಕ್ಕೇ. ಗಾಡಿಯೊಳಗಿನ ಟ್ರಿಪ್ ಸ್ವಿಚ್ಚಿನ ಗುಂಡಿಯನ್ನು ಒತ್ತಿ ನೋಡುವವರಿಲ್ಲದೆ ಅದೂ ತುಕ್ಕು ಹಿಡಿದು ಮರಗಟ್ಟಿತ್ತು.

ಪುಟ್ಟತಾಯಮ್ಮನಿಗೆ ಗಾಡಿಯಾದರೂ ಮನೆ ಮನೆಯೇ. ಹೊಸ್ತಿಲ ಹತ್ತಿರ ಚಪ್ಪಲಿ ಸುಳಿಯಬಾರದು. ಬೇರೆಯವರು ರಬ್ಬರ್ ಚಪ್ಪಲಿಯನ್ನು ಮೆಟ್ಟಿಲವರೆಗೆ ಮೆಟ್ಟಿಕೊಂಡೇ ಬಂದು, ಬಾಗಿಲು ತೆಗೆದ ಮೇಲೆ ಬಿಡುತ್ತಿದ್ದರು. ಆಕೆ ಮಾತ್ರ ದೂರದ ಮರದ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಬರುವರು. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲ ಮುಂದೆ ನೀರು ಚಿಮುಕಿಸಿ, ಮರಳನ್ನು ತಟ್ಟಿ ಸಮಮಾಡಿ, ರಂಗೋಲಿ ಬಿಡುವರು.

ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲು ಒಳಗೊಳಗೇ ಸೀಳಿಹೋಗಿತ್ತು. ಅದನ್ನು ಹಾಕಿದಾಗಲೆಲ್ಲ ಕರೆಂಟು ಸೋರಿ ಗಾಡಿಯ ಲೋಹದ ಮೈಗೆಲ್ಲ ಹರಡುತ್ತಿತ್ತು. ಹಸಿರು ತಂಗಿ ಗಾಡಿಯ ತುದಿಯಲ್ಲಿ ಅದನ್ನು ಕೈಚಾಚಿ ಹಿಡಿದುಕೊಂಡಳು. ಆದರೆ ಇಳಿಸುವುದೆಲ್ಲಿಗೆ? ಕಂಬದ ತುದಿಯಲ್ಲಿ ಆಕೆಯ ಬಾಯಿಗೆ ಟೇಪು!

ಮೊದಲ ದಿನ ಪುಟ್ಟತಾಯಮ್ಮ ಕಾಫಿ ಹೀರುತ್ತ ಹೇಳಿದರು. "ಬಾಗ್ಲು ಹಿಡುದ್ರೆ ಮೈಯೆಲ್ಲ ಜುಮ್ ಅಂತದೆ ಕಣವ್ವ."

ಎಲ್ಲರೂ ಗೊಳ್ಳೆಂದು ನಕ್ಕರು. ಕಡಲು ನೋಡುವ ಉತ್ಸಾಹದಲ್ಲಿ ಯಾರ ಮೈ ಜುಮ್ಮೆಂದಿರಲಿಲ್ಲ? "ಟೂರು ಅಂದ್ಮೇಲೆ ಜುಮ್ ಅನ್ನಬೇಕು ಕಣಮ್ಮ, ಅದ್ಕೇ ತಾನೆ ಬಂದಿರೋದು," ಎಂದು ತಿಮ್ಮೇಶ ತಾಯಿಯ ಫೋಟೊ ತೆಗೆದ. ಆಕೆಯೂ ನಗುತ್ತ ಸೆರಗು ಸರಿಮಾಡಿಕೊಂಡರು. ನಾನು ಮರಳಲ್ಲಿ ಬಿದ್ದುಕೊಂಡು ಒದ್ದಾಡಿದೆ. ಇಡೀ ಗಾಡಿಗೆ ಬೆಳಕು ತರಬಲ್ಲೆ, ಒಂದು ಮಾತು ತರಲಾರೆ.

ಮರುದಿನ ಬೆಳಿಗ್ಗೆ ತಿಮ್ಮೇಶ ಮಗಳನ್ನು ಕರೆದುಕೊಂಡು ನೀರಿಗಿಳಿದಿದ್ದ. ಮಗು ಬಂದ ಕೂಡಲೇ ಸ್ನಾನಕ್ಕೆ ಬೇಕೆಂದು ಗೀಸರು ಹಾಕಿತ್ತು. ಸುಗುಣಾ ಕಂಬದ ಬಳಿ ಕುರ್ಚಿ ಹಾಕಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು. ಪುಟ್ಟತಾಯಮ್ಮ ಅಂದು ದೊಡ್ಡ ರಂಗೋಲಿಯನ್ನೇ ಬಿಟ್ಟಿದ್ದರು. ನೀರನ್ನೂ ಧಾರಾಳವಾಗಿ ಸುರಿದಿದ್ದರು. ಕೆಲಸ ಮುಗಿಸಿ ಎದ್ದವರು ಸೆರಗನ್ನು ಕೈಗೆ ಸುತ್ತಿಕೊಂಡು, ಒಲೆಯ ಮೇಲಿನ ಪಾತ್ರೆ ಹಿಡಿಯುವಂತೆ ಬಾಗಿಲ ಹಿಡಿ ಹಿಡಿದರು.

ಸುಗುಣಾಳ ಕೈ ನಿಂತಿತು. "ಅತ್ತೆ, ಬಾಗಿಲಿಗೆ ಯಾಕೆ ಬಟ್ಟೆ ಸುತ್ತಿದ್ದೀರಿ?"

"ಜುಮ್ ಅಂತದೆ ಅಂತ ನೆನ್ನೇನೆ ಯೋಳ್ನಿಲ್ವ? ನೀವೆಲ್ಲ ನಗಾಡುದ್ರಿ. ಇವತ್ತು ಒದ್ದಂಗೇ ಆಯ್ತದೆ."

ಸುಗುಣಾ ನನ್ನನ್ನು ನೋಡಿದಳು, ಒದ್ದೆ ಮರಳನ್ನು ನೋಡಿದಳು, ಅತ್ತೆಯ ಬರಿಗಾಲು ನೋಡಿದಳು. ಅಷ್ಟರಲ್ಲಿ ಗಾಳಿಮರಗಳ ನಡುವಿನಿಂದ ಇಂಚರ ಕೇಕೆ ಹಾಕುತ್ತ ಓಡಿಬಂದಳು. ತಲೆಯಿಂದ ಕಾಲಿನವರೆಗೆ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಕಾಲಲ್ಲಿ ಚಪ್ಪಲಿಯಿಲ್ಲ. ಕೈ ಆಗಲೇ ಬಾಗಿಲ ಕಡೆ ಚಾಚಿತ್ತು.

"ಅತ್ತೆ, ಅವಳನ್ನ ನಿಲ್ಲಿಸಿ! ಬಾಗಿಲು ಬಿಡಿ!"

ಪುಟ್ಟತಾಯಮ್ಮನಿಗೆ ಏನೊಂದೂ ಅರ್ಥವಾಗಲಿಲ್ಲ. ಸೊಸೆಯ ಮುಖ ಕಂಡು ಬಾಗಿಲು ಬಿಟ್ಟರು. ಬಾಯಿಗೆ ಬಂದದ್ದನ್ನು ಕೂಗಿದರು. "ಏಯ್, ರಂಗೋಲಿ ತುಳುದ್ರೆ ನೋಡು!"

ಮಗು ಗಕ್ಕನೆ ನಿಂತಿತು. ಹೆಬ್ಬೆರಳು ಬಿಳಿ ಗೆರೆಯ ಅಂಚಿನಲ್ಲಿ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ಓಟಕ್ಕಿಂತ ಬಲವಾದದ್ದು. ರಂಗೋಲಿಯನ್ನು ಬಳಸಿ ಹೋಗುವುದು ಹೇಗೆಂದು ಆಕೆ ಯೋಚಿಸುವಷ್ಟರಲ್ಲಿ ಸುಗುಣಾ ಕಂಬದ ಸ್ವಿಚ್ಚು ಆರಿಸಿದಳು. ನನ್ನನ್ನು ಕಿತ್ತು ಮರಳಿಗೆಸೆದಳು. ನನ್ನೊಳಗೆಲ್ಲ ಖಾಲಿ! ಇಷ್ಟು ಸುಖದ ಖಾಲಿಯನ್ನು ನಾನು ಕಂಡೇ ಇರಲಿಲ್ಲ. ಇಂಚರ ರಂಗೋಲಿ ಬಳಸಿ ಹೋಗಿ ಬಾಗಿಲು ಹಿಡಿದಳು. ಏನೂ ಆಗಲಿಲ್ಲ. ಸುಗುಣಾ ಕಂಬದ ಬುಡದಿಂದಲೇ ಗಂಡನನ್ನು ಕೂಗಿ ಕರೆದಳು.

ತಿಮ್ಮೇಶ ಬಂದು ಪ್ಲಗ್ಗು ಬಿಚ್ಚಿದ. ಟೇಪು ಸುತ್ತಿದ ಹಸಿರು ತಂತಿ ಬೆರಳಿಗೆ ಸಿಕ್ಕಿತು. ತಾನೇ ಮಡಚಿದ್ದು, ಯಾರನ್ನು ಬೈಯುವುದು? ಅದರಲ್ಲಿ ಕರೆಂಟು ಬರುವುದಿಲ್ಲವೆಂದು ಬಿಟ್ಟೆ ಎಂದು ತಲೆತಗ್ಗಿಸಿ ಹೇಳಿದ.

ಪುಟ್ಟತಾಯಮ್ಮ ಆ ತಂತಿಯನ್ನು ಕೈಗೆತ್ತಿಕೊಂಡು ನೋಡಿದರು. "ಸುಮ್ಕೆ ಕೂತವ್ಳೆ ಅಂತ ಬಾಯಿ ಕಟ್ಟುದ್ಯಾ? ನಾನೂ ಸುಮ್ಕೇ ಕೂತಿವ್ನಿ ಕಣ್ಲಾ, ಸದ್ಯ ನಂಗೆ ಟೇಪು ಸುತ್ನಿಲ್ಲ."

ನಗು ಮೊದಲು ಹೊರಟಿದ್ದು ಸುಗುಣಾಳಿಂದ. ಅಳುವೂ ಆಕೆಯಿಂದಲೇ.

ಗೀಸರು ಬದಲಾಯಿತು. ಟ್ರಿಪ್ ಸ್ವಿಚ್ಚು ಹೊಸದು ಬಂತು. ಎರಡೂ ತುದಿಗೆ ನೀಲಿ ಪ್ಲಗ್ಗಿರುವ ಹೊಸ ಕೇಬಲ್ ಬಂತು. ಈಗ ಹೋದ ಹೋದಲ್ಲೆಲ್ಲ ಪರೀಕ್ಷೆಯ ಗುಂಡಿ ಒತ್ತುವ ಕೆಲಸ ಇಂಚರಳದಂತೆ. ಟಪ್ಪೆಂದು ಆರಿದರೆ ಅಜ್ಜಿ ಮೊಮ್ಮಗಳು ಇಬ್ಬರೂ ಚಪ್ಪಾಳೆ ತಟ್ಟುತ್ತಾರಂತೆ.

ಕತ್ತರಿಸಿದ ನನ್ನನ್ನು ಮತ್ತೆ ಜೋಡಿಸಲು ಸುಗುಣಾ ಒಪ್ಪಲಿಲ್ಲ. ಮಂಡ್ಯದ ಹಿತ್ತಿಲಲ್ಲಿ, ನುಗ್ಗೆಮರಕ್ಕೂ ಗೋಡೆಯ ಕೊಂಡಿಗೂ ನಡುವೆ ನನ್ನನ್ನು ಕಟ್ಟಿದ್ದಾರೆ. ಕೆಂಪಣ್ಣ, ಕಪ್ಪಣ್ಣ ಇಬ್ಬರೂ ಈಗ ಹಸಿರು ತಂಗಿಯ ಹಾಗೆಯೇ ಸುಮ್ಮನಿದ್ದಾರೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ಅವರಿಗೂ ಈಗ ತಿಳಿದಿರಬೇಕು.

ಪುಟ್ಟತಾಯಮ್ಮ ಒದ್ದೆ ಸೀರೆ ಹರವಲು ಬರುತ್ತಾರೆ, ಬರಿಗಾಲಲ್ಲೇ. ಮೊದಲು ಕೈಯ ಹಿಂಬದಿಯಿಂದ ನನ್ನನ್ನು ಸೋಕಿ ನೋಡುತ್ತಾರೆ. ನನ್ನ ತುದಿ ಎಲ್ಲಿಯೂ ಕೂಡಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತು. ಆದರೂ ಸೋಕಿ ನೋಡುತ್ತಾರೆ, ದಿನವೂ. ಆಮೇಲೆಯೇ ಸೀರೆ ಎಸೆಯುತ್ತಾರೆ.

ಆ ಒಂದು ಗಳಿಗೆ ಬಂದಾಗಲೆಲ್ಲ, ನನ್ನಲ್ಲಿ ಕರೆಂಟು ಇಲ್ಲದಿದ್ದರೂ, ನನ್ನ ಮೈ ಜುಮ್ಮೆನ್ನುತ್ತದೆ.