ಮುಂಗೈಯ ಹರಕೆ ದಾರ

ಕಡ್ಡಿರಾಂಪುರದಲ್ಲಿ ಯಾವ ಮನೆಯ ಕೂಸಿಗೆ ಮೈ ಬಿಸಿಯಾದರೂ ಜನ ಮೊದಲು ಜಂಬವ್ವನ ಬಾಗಿಲಿಗೆ ಬರುತ್ತಾರೆ. ಜಂಬವ್ವ ವೈದ್ಯೆಯಲ್ಲ. ಆಕೆಯ ಸೊಸೆ ದೇವಿಕಾ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಎಳೆಗೂಸುಗಳ ವಾರ್ಡಿನಲ್ಲಿ ಅವಳ ಡ್ಯೂಟಿ. ಆಸ್ಪತ್ರೆಯ ಹೆಸರು ನಮಗೆ ಬೇಡ. ಈ ಕಥೆ ಯಾವ ಆಸ್ಪತ್ರೆಯಲ್ಲಿ ಬೇಕಾದರೂ ನಡೆದೀತು.

ದೇವಿಕಾ ಕೆಲಸದಲ್ಲಿ ಚುರುಕು. ಕಣ್ಣಿಗೆ ಕಾಣದಂಥ ನರವನ್ನೂ ಹುಡುಕಿ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದಳು. ಕಂಪ್ಲಿ, ಸಂಡೂರಿನ ಕಡೆಯಿಂದ ಬಂದ ತಾಯಂದಿರು "ಸಿಸ್ಟರ್ ಕೈಗುಣ ಭಾಳ ಚಲೋ ಐತಿ" ಎಂದು ಹೇಳಿ ಹೋಗುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ದೇವಿಕಾಗೂ ಒಳಗೊಳಗೇ ಹೆಮ್ಮೆ ಇತ್ತು.

ಆ ಕೈಯ ಮಣಿಕಟ್ಟಿನಲ್ಲಿ ಒಂದು ಕೆಂಪು ದಾರ ಇತ್ತು. ಹಿಂದಿನ ವರ್ಷ ದೇವಿಕಾಳ ಮಗನಿಗೆ ಡೆಂಗ್ಯೂ ಬಂದು ಜೀವಕ್ಕೇ ಸಂಚಕಾರ ಬಂದಿತ್ತು. ಆಗ ಜಂಬವ್ವ ಹುಲಿಗಿ ಊರಿನ ದೇವಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಸೊಸೆಯ ಮುಂಗೈಗೆ ಮೂರು ಸುತ್ತು ದಾರ ಕಟ್ಟಿದ್ದಳು. ಮಗ ಉಳಿದ. ಹುಲಿಗಿಗೆ ಹೋಗಿ ಹರಕೆ ತೀರಿಸುವ ತನಕ ದಾರ ಬಿಚ್ಚಬಾರದೆಂದು ಮಾತಾಗಿತ್ತು. ಆದರೆ ಒಂದು ಹುಣ್ಣಿಮೆಗೆ ಇವಳಿಗೆ ಡ್ಯೂಟಿ, ಇನ್ನೊಂದಕ್ಕೆ ಗಂಡ ಯಲ್ಲೇಶನ ಆಟೋ ರಿಪೇರಿ, ಮತ್ತೊಂದಕ್ಕೆ ಮನೆಯಲ್ಲಿ ಸೂತಕ. ಹರಕೆ ಮುಂದಕ್ಕೆ ಹೋಯಿತು, ದಾರ ಕೈಯಲ್ಲೇ ಉಳಿಯಿತು.

ಈಗ ನೀವೇ ಹೇಳಿ, ಎಳೆಗೂಸುಗಳ ವಾರ್ಡಿನಲ್ಲಿ ದಿನಕ್ಕೆ ಎಷ್ಟು ಸಲ ಕೈ ತೊಳೆಯಬೇಕು? ಪ್ರತಿ ಸಲವೂ ದಾರ ನೆನೆಯುತ್ತಿತ್ತು, ಒಣಗುತ್ತಿರಲಿಲ್ಲ, ಕೆಳಗೆ ಚರ್ಮ ತುರಿಸುತ್ತಿತ್ತು. ಹರಿದುಹೋದರೆ ಅಪಶಕುನ ಎಂಬ ಹೆದರಿಕೆ ಬೇರೆ. ಹಾಗಾಗಿ ದೇವಿಕಾ ತನಗೇ ಗೊತ್ತಿಲ್ಲದಂತೆ ಒಂದು ಅಭ್ಯಾಸ ಮಾಡಿಕೊಂಡಳು. ಡ್ಯೂಟಿಗೆ ಬಂದ ಕೂಡಲೇ ಬೆರಳಿನ ತುದಿಯಷ್ಟೇ ನೆನೆಸಿ, ಗ್ಲೌಸು ಹಾಕಿ, ಅದನ್ನು ದಾರದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಕೂಸಿನಿಂದ ಇನ್ನೊಂದು ಕೂಸಿಗೆ ಹೋಗುವಾಗ ಗ್ಲೌಸು ಬದಲಿಸುತ್ತಿರಲಿಲ್ಲ. ಅದರ ಮೇಲೆಯೇ ಎರಡು ಹನಿ ಸ್ಯಾನಿಟೈಸರ್ ಸವರಿಕೊಂಡು ಮುಂದಕ್ಕೆ ನಡೆಯುತ್ತಿದ್ದಳು. ನೋಡಿದವರಿಗೆ ಇವಳಷ್ಟು ಚೊಕ್ಕ ಯಾರೂ ಇಲ್ಲ ಅನಿಸುತ್ತಿತ್ತು.

ಹೀಗಿರುವಾಗ ಜಂಬವ್ವನ ಮಗಳು, ಅಂದರೆ ದೇವಿಕಾಳ ನಾದಿನಿ ಅನ್ನಪೂರ್ಣ, ಹೆರಿಗೆಗೆಂದು ಗಂಡನ ಊರು ಬಂಡ್ರಿಯಿಂದ ತವರಿಗೆ ಬಂದಳು. ದಿನ ತುಂಬುವ ಮೊದಲೇ ನೋವು ಬಂತು. ಹೆಣ್ಣು ಕೂಸು, ಅಂಗೈಯಲ್ಲಿ ಹಿಡಿಯುವಷ್ಟು. ನೇರವಾಗಿ ದೇವಿಕಾಳ ವಾರ್ಡಿಗೇ ಬಂತು. ಅನ್ನಪೂರ್ಣ ಅಳುತ್ತಿದ್ದರೆ ಜಂಬವ್ವ ಮಾತ್ರ ಹೊರಗೆ ವರಾಂಡದಲ್ಲಿ ಗೋಡೆಗೆ ಒರಗಿ ಕೂತು, ಬಂದವರಿಗೆಲ್ಲ ತನ್ನ ಸೊಸೆ ಒಳಗಿದ್ದಾಳೆ, ತನಗೇನು ಭಯ ಎಂದು ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ದೇವಿಕಾಳ ಎದೆ ಉಬ್ಬುತ್ತಿತ್ತು.

ಅದೇ ವಾರ ವಾರ್ಡಿನಲ್ಲಿ ಒಂದು ಕೂಸಿಗೆ ಸೂಜಿ ಹಾಕಿದ ಜಾಗದಲ್ಲಿ ಕೀವಾಯಿತು. ಪಕ್ಕದ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಇದು ಸೋಂಕು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಹೊಣೆ ಹಿರಿಯ ಸಿಸ್ಟರ್ ಪ್ರಿಯಂವದಾ ಅವರದು. ಅವರು ಬಂದು ಬೈಯಲಿಲ್ಲ, ಕೂಗಾಡಲಿಲ್ಲ. ಒಂದು ಮೂಲೆಯಲ್ಲಿ ನಿಂತು ಯಾರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಸುಮ್ಮನೆ ನೋಡಿದರು. ಆಮೇಲೆ ದೇವಿಕಾಳನ್ನು ಸಿಬ್ಬಂದಿ ಕೋಣೆಗೆ ಕರೆದು, ಗ್ಲೌಸು ಯಾಕೆ ಬದಲಿಸುವುದಿಲ್ಲ ಎಂದು ಕೇಳಿದರು.

"ಗ್ಲೌಸ್ ಹಾಕ್ಕೊಂಡೀನಲ್ರಿ ಮೇಡಂ," ಎಂದಳು ದೇವಿಕಾ. "ನನ್ನ ಚರ್ಮ ಯಾವ ಕೂಸಿಗೂ ತಾಗಂಗಿಲ್ಲ. ಇನ್ನ ಪದೇ ಪದೇ ಕೈ ತೊಳದ್ರೇನು, ಬಿಟ್ರೇನು?"

"ಗ್ಲೌಸು ನಿಮ್ಮನ್ನ ಕಾಯ್ತದ ದೇವಿಕಾ. ಕೂಸಿಗೆ ಅದೂ ಒಂದು ಕೈನೇ."

ದೇವಿಕಾಗೆ ರೇಗಿತು. ಪ್ರಿಯಂವದಾ ಅವರದು ಹೊಸಪೇಟೆಯ ಹಳೆಯ ಆಚಾರವಂತರ ಮನೆ. ನಿಮ್ಮ ಮನೆಯಲ್ಲಿ ಮಡಿ ಜಾಸ್ತಿ, ಅದಕ್ಕೇ ನಿಮಗೆ ಎಲ್ಲ ಕಡೆ ಮೈಲಿಗೆ ಕಾಣುತ್ತದೆ ಎಂದು ಅಂದೇಬಿಟ್ಟಳು. ಬೇರೆಯವರಾಗಿದ್ದರೆ ಕೆಂಡವಾಗುತ್ತಿದ್ದರು. ಪ್ರಿಯಂವದಾ ನಕ್ಕರು.

"ನಮ್ಮಜ್ಜಿ ಮಡಿ ಉಟ್ರ ಯಾರನ್ನೂ ಮುಟ್ಟತಿರಲಿಲ್ಲ. ನಾವು ಕೈ ತೊಳಿಯೋದು ಮುಟ್ಟಲಿಕ್ಕೆ. ಬರ್ರಿ, ಒಂದು ಆಟ ಆಡೋಣ."

ಮೇಜಿನ ಮೇಲೆ ಬಟ್ಟೆಯ ಗಂಟುಗಳನ್ನು ಕೂಸುಗಳಂತೆ ಸಾಲಾಗಿ ಮಲಗಿಸಿದರು. ಮೊದಲನೆಯ ಗಂಟಿನ ಮೇಲೆ ಒಂದು ಚಿಟಿಕೆ ಕುಂಕುಮ ಉದುರಿಸಿ, ದಿನಾ ಮಾಡುವ ಹಾಗೆಯೇ ಮಾಡಲು ಹೇಳಿದರು. ದೇವಿಕಾ ಗ್ಲೌಸು ಹಾಕಿಕೊಂಡು ಮೊದಲನೆಯದನ್ನು ಎತ್ತಿದಳು, ಒರೆಸಿದಳು, ಮಲಗಿಸಿದಳು. ಗ್ಲೌಸಿನ ಮೇಲೆ ಸ್ಯಾನಿಟೈಸರ್ ಸವರಿಕೊಂಡು ಪಕ್ಕದ್ದಕ್ಕೆ ಹೋದಳು. ಹೀಗೆ ಕೊನೆಯವರೆಗೂ ಹೋಗಿ ತಿರುಗಿ ನೋಡಿದರೆ ಬಿಳಿ ಬಟ್ಟೆಯ ಒಂದು ಗಂಟೂ ಬಿಳಿಯಾಗಿ ಉಳಿದಿರಲಿಲ್ಲ. ನಡುವೆ ಮುಟ್ಟಿದ ಪೆನ್ನು ಕೆಂಪು, ಬಾಗಿಲ ಹಿಡಿಕೆ ಕೆಂಪು. ಗ್ಲೌಸು ಕಳಚುವಾಗ ತಾಗಿ ಉಗುರಿನ ಸಂದಿಯಲ್ಲೂ ಕೆಂಪು, ಮಣಿಕಟ್ಟಿನ ದಾರದ ಎಳೆಗಳಲ್ಲೂ ಕುಂಕುಮ ಕೂತಿತ್ತು.

ಕುಂಕುಮವಾದರೆ ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ ಎಂದಷ್ಟೇ ಪ್ರಿಯಂವದಾ ಹೇಳಿದರು. ಈ ಸೋಂಕು ಯಾರ ಕೈಯಿಂದ ಬಂತೆಂದು ಯಾರೂ ಹೇಳಲಾರರು, ಅದಕ್ಕೇ ಎಲ್ಲರ ಕೈಯನ್ನೂ ನೋಡುತ್ತಿದ್ದೇನೆ ಎಂದೂ ಹೇಳಿದರು. ಆ ಒದ್ದೆ ದಾರ ಇರುವ ತನಕ ಮುಂಗೈ ಶುದ್ಧವಾಗುವುದಿಲ್ಲ, ಬಿಚ್ಚಬೇಕು ಎಂದರು.

ದೇವಿಕಾ ಇನ್ನೊಂದು ಕೈಯಿಂದ ದಾರವನ್ನು ಮುಚ್ಚಿಕೊಂಡಳು. "ಅದೊಂದು ಕೇಳಬ್ಯಾಡ್ರಿ ಮೇಡಂ. ನನ್ನ ಮಗನ ಜೀವ ಐತಿ ಇದರಾಗ."

"ನಂಬಿಕಿ ಬಿಡ್ರಿ ಅಂತ ನಾ ಯಾಕ ಹೇಳಲಿ? ಮೊಣಕೈ ಕೆಳಗ ಏನೂ ಇರಬಾರದು, ಅಷ್ಟ ನಾ ಹೇಳೋದು. ನಿಮ್ಮ ಮನ್ಯಾಗ ಹಿರಿಯರನ್ನ ಕೇಳ್ರಿ. ಅಲ್ಲೀತನಕ ಕೂಸುಗಳನ್ನ ಮುಟ್ಟೋದು ಬ್ಯಾಡ."

ಅವತ್ತು ದೇವಿಕಾಗೆ ಔಷಧದ ಕೋಣೆಯ ಕೆಲಸ ಕೊಟ್ಟರು. ಕೈಗುಣಕ್ಕೆ ಹೆಸರಾದವಳು ಗುಳಿಗೆ ಡಬ್ಬಿ ಜೋಡಿಸುತ್ತ ಕೂತಳು. ಅವಮಾನದಿಂದ ಮುಖ ಉರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಸುದ್ದಿ ಬಂತು. ಅನ್ನಪೂರ್ಣಳ ಕೂಸೂ ಮಂಕಾಗಿದೆ, ಹಾಲು ತೆಗೆದುಕೊಳ್ಳುತ್ತಿಲ್ಲ.

ದೇವಿಕಾ ಓಡಿ ಬಂದು ವಾರ್ಡಿನ ಗಾಜಿನ ಆಚೆ ನಿಂತಳು. ಡಾಕ್ಟರು ಕೂಸಿನ ಮೇಲೆ ಬಾಗಿದ್ದರು. ಆ ಕೂಸಿನ ಗುಬ್ಬಿಕಾಲಿನಂಥ ಕೈಯಲ್ಲಿ ಸೂಜಿ ಹಾಕಿದ್ದು ತಾನೇ. ದಿನಾ ಎತ್ತಿ ತೂಕ ನೋಡಿದ್ದೂ ತಾನೇ, ಇದೇ ದಾರದ ಕೈಯಿಂದ. ತನ್ನ ಮಗನನ್ನು ಉಳಿಸಿದ್ದು ಎಂದುಕೊಂಡ ದಾರ ಇನ್ನೊಬ್ಬಳ ಮಗಳಿಗೆ ಮುಳುವಾದರೆ? ಆ ಯೋಚನೆ ಬಂದದ್ದೇ ತಡ, ದಾರದ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಕೂಸನ್ನು ಮುಟ್ಟಲು ಜೀವ ಹಾತೊರೆಯುತ್ತಿತ್ತು, ಆದರೆ ಮುಟ್ಟುವ ಹಾಗಿರಲಿಲ್ಲ.

ವರಾಂಡದಲ್ಲಿ ಜಂಬವ್ವ ರೊಟ್ಟಿ ಗಂಟು ಬಿಚ್ಚಿ, ತಿನ್ನಲಾರದೆ ಹಾಗೇ ಕೂತಿದ್ದಳು. ದೇವಿಕಾ ಪಕ್ಕದಲ್ಲಿ ಕುಸಿದು, ಕುಂಕುಮದ ಆಟದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕೊನೆಗೆ ಅಳುಕುತ್ತ, ದಾರ ಬಿಚ್ಚಲೇ ಎಂದು ಕೇಳಿದಳು. ಅತ್ತೆ ಹಾಗೆಲ್ಲ ಸುಲಭದ ಹೆಂಗಸಲ್ಲ. ಹರಕೆಯ ವಿಷಯದಲ್ಲಂತೂ ಕಲ್ಲು.

ಜಂಬವ್ವ ಸೊಸೆಯ ಕೈ ಎಳೆದು ಬೆಳಕಿಗೆ ಹಿಡಿದಳು. ದಾರವನ್ನು ಸರಿಸಿ ಕೆಳಗೆ ನೋಡಿದಳು. ಚರ್ಮ ನೆನೆದು ಬಿಳಿಚಿಕೊಂಡಿತ್ತು.

"ನಾ ಕಟ್ಟಿದ್ದು ಕೆಂಪ ದಾರ," ಎಂದಳು. "ಇದು ಪಾತ್ರಿ ತಿಕ್ಕೋ ನಾರಾಗೈತಲ್ಲೇ. ಇದನ್ನ ಇಟ್ಟುಕೊಂಡು ಕೂಸ ಎತ್ತಿದ್ಯಾ?"

ದೇವಿಕಾ ಅತ್ತಳು. ಜಂಬವ್ವ ತಾನು ಬಾಣಂತಿಯಾಗಿದ್ದ ಕಾಲವನ್ನು ನೆನೆಸಿಕೊಂಡಳು. ಹೊರಗಿನಿಂದ ಬಂದವರು ಕೈಕಾಲು ತೊಳೆಯದಿದ್ದರೆ ತನ್ನ ಅತ್ತೆ ಬಾಣಂತಿ ಕೋಣೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವೆಂದೂ, ಸ್ವಂತ ಮಗನನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಳೆಂದೂ ಹೇಳಿದಳು. ಆಮೇಲೆ ಸೆರಗಿನ ಪಿನ್ನು ತೆಗೆದು, ಬಿಗಿದುಹೋಗಿದ್ದ ಗಂಟನ್ನು ಕೆದಕಿ ಬಿಚ್ಚತೊಡಗಿದಳು.

"ಅತ್ತಿ, ಹುಲಿಗೆಮ್ಮ ಸಿಟ್ಟಾದ್ರ?"

"ರಟ್ಟಿಗೆ ಕಟ್ಟಿದ್ರೂ ಅದು ಅವ್ವನ ದಾರನ. ಮುಂಗೈಗೇ ಬೇಕಂತ ಆಕಿ ಕೇಳಿಲ್ಲ. ಕೂಸುಗಳನ್ನ ಕಾಯೋ ತಾಯಿ ಆಕಿ, ನೀ ಕೈ ತೊಳಕೊಂಡ್ರ ಸಿಟ್ಟಾಗ್ತಾಳೇನು? ಏಳು, ಜಲ್ದಿ ಒಳಗ ನಡಿ."

ಜಂಬವ್ವ ದಾರಕ್ಕೆ ಸೋಪು ಹಾಕಿ ತಿಕ್ಕಿ ಹಿಂಡಿದಳು. ಮಣಿಕಟ್ಟಿಗೆ ಮೂರು ಸುತ್ತು ಬಂದಿದ್ದ ದಾರ ರಟ್ಟೆಗೆ ಸರಿಹೋಯಿತು. ರವಿಕೆಯ ತೋಳಿನ ಒಳಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ದೇವಿಕಾ ನಲ್ಲಿಯ ಮುಂದೆ ನಿಂತಳು. ವಾಚು ಬಿಚ್ಚಿದಳು, ಉಂಗುರ ತೆಗೆದಳು. ಸೋಪು ಹಚ್ಚಿ ಅಂಗೈ, ಕೈಯ ಹಿಂಭಾಗ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ತುದಿ ಎಲ್ಲವನ್ನೂ ತಿಕ್ಕಿದಳು. ಕೊನೆಗೆ ಮಣಿಕಟ್ಟು. ವರ್ಷದ ಮೇಲೆ ಮೊದಲ ಸಲ ಅಲ್ಲಿ ನೀರು ತಡೆಯಿಲ್ಲದೆ ಹರಿಯಿತು. ಹಿಂದೆ ನಿಂತು ನೋಡುತ್ತಿದ್ದ ಪ್ರಿಯಂವದಾ ವಾರ್ಡಿನ ಬಾಗಿಲನ್ನು ತಾವೇ ತೆರೆದರು.

ಡಾಕ್ಟರು ಬೇಗನೆ ಔಷಧ ಶುರು ಮಾಡಿದ್ದು ಒಳ್ಳೆಯದಾಯಿತು. ಆದರೂ ಒಂದೆರಡು ದಿನ ಮನೆಯವರ ಜೀವ ಬಾಯಿಗೆ ಬಂದಿತ್ತು. ದೇವಿಕಾ ಕೂಸನ್ನು ಮುಟ್ಟುವ ಮೊದಲು ಕೈ ಶುದ್ಧ ಮಾಡಿಕೊಂಡಳು, ಮುಟ್ಟಿದ ಮೇಲೂ ಮಾಡಿಕೊಂಡಳು. ಬರೀ ತೊಟ್ಟಿಲ ಕಂಬಿ ಮುಟ್ಟಿದರೂ ಬಿಡಲಿಲ್ಲ. ಅವಳನ್ನು ನೋಡಿ ಡಾಕ್ಟರೂ ವಾಚನ್ನು ಜೇಬಿಗೆ ಹಾಕಿದರು. ಕೂಸನ್ನು ಎದೆಗೆ ಒತ್ತಿ ಹಿಡಿದು ಬಿಸುಪು ಕೊಡಲು ಬರುವ ಅನ್ನಪೂರ್ಣಳೂ ಮೊದಲು ನಲ್ಲಿಯ ಕಡೆ ಹೋಗುವುದನ್ನು ಕಲಿತಳು. ಮೂರನೆಯ ದಿನ ಬೆಳಿಗ್ಗೆ ಕೂಸು ಬಾಯಿ ಅಗಲಿಸಿ ವಾರ್ಡು ಹಾರಿಹೋಗುವಂತೆ ಅತ್ತಿತು. ಹಸಿವಿನ ಅಳು. ಅಷ್ಟು ಇಂಪಾದ ಸದ್ದನ್ನು ತಾನು ಕೇಳಿಯೇ ಇರಲಿಲ್ಲ ಎಂದು ಜಂಬವ್ವ ಈಗಲೂ ಹೇಳುತ್ತಾಳೆ. ಉಳಿದ ಎರಡು ಕೂಸುಗಳೂ ಚೇತರಿಸಿಕೊಂಡವು. ಎಲ್ಲರಿಗೂ ಹೋದ ಉಸಿರು ಬಂದಂತಾಯಿತು.

ಕೂಸು ತೂಕ ಕಟ್ಟಿಕೊಂಡು ಕಡ್ಡಿರಾಂಪುರಕ್ಕೆ ಬಂತು. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹರಕೆಯನ್ನೂ ತೀರಿಸಿದ್ದಾಯಿತು. ರಟ್ಟೆಯ ದಾರವನ್ನು ಅಲ್ಲಿ ಬಿಚ್ಚಿ ಒಪ್ಪಿಸುವಾಗ ದೇವಿಕಾಗೆ ಯಾವ ಅಳುಕೂ ಆಗಲಿಲ್ಲ.

ಮಾರನೆಯ ದಿನ ಡ್ಯೂಟಿ ಮುಗಿಸಿ ಬಂದವಳೇ ಕೂಸಿನ ಕಡೆ ಕೈ ಚಾಚಿದಳು. ಜಂಬವ್ವ ಕೂಸನ್ನು ಹಿಂದಕ್ಕೆ ಎಳೆದುಕೊಂಡು, ಬಾಗಿಲ ಪಕ್ಕದ ಬಕೆಟ್ಟು, ಸೋಪು ತೋರಿಸಿದಳು. "ನರ್ಸಮ್ಮ ಆದ್ರೇನು, ಮೊದಲು ಕೈ."

ದೇವಿಕಾ ನಗುತ್ತ ಮೊಣಕೈಯವರೆಗೆ ತೊಳೆದು, ಒದ್ದೆ ಕೈಯನ್ನು ಒಗೆದ ಬಟ್ಟೆಯಲ್ಲಿ ಒರೆಸಿ, ಎರಡೂ ಅಂಗೈ ಚಾಚಿದಳು. ಜಂಬವ್ವ ತಿರುಗಿಸಿ ಮುರುಗಿಸಿ ನೋಡಿದಳು. ಮಣಿಕಟ್ಟಿನಲ್ಲಿ ದಾರದ ಗುರುತೂ ಮಾಸಿತ್ತು. ಆಮೇಲೇ ಕೂಸನ್ನು ಆ ಕೈಗಳಲ್ಲಿ ಇಟ್ಟಳು. ಕೂಸು ದೇವಿಕಾಳ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿಕೊಂಡಿತು.

ಡಾಕ್ಟರೇ, ಸಿಸ್ಟರೇ, ಆಯಾ ಅಕ್ಕಂದಿರೇ, ನಿಮ್ಮ ಕೈಯನ್ನೂ ಯಾವುದೋ ಕೂಸು ಹೀಗೆಯೇ ನಂಬಿದೆ. ಉಂಗುರ, ವಾಚು, ಬಳೆ, ದಾರ ಯಾವುದೇ ಇರಲಿ, ಕೆಲಸದ ಹೊತ್ತಿನಲ್ಲಿ ಮೊಣಕೈಯ ಕೆಳಗೆ ಬೇಡ. ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಅಥವಾ ಡ್ರೆಸ್ಸಿಂಗಿಗೆ ಕೈ ಹಾಕುವ ಮೊದಲು, ರಕ್ತ ಕೀವು ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಹಾಸಿಗೆ ಮಂಚ ಮುಟ್ಟಿದ ಮೇಲೂ ಕೈ ಶುದ್ಧ ಮಾಡಿಕೊಳ್ಳಿ. ಕೊಳೆ ಕಂಡರೆ ಸೋಪು ನೀರು, ಇಲ್ಲದಿದ್ದರೆ ಸ್ಯಾನಿಟೈಸರ್ ಒಣಗುವ ತನಕ ಉಜ್ಜಿದರೆ ಸಾಕು. ಒಬ್ಬರಿಗೆ ಹಾಕಿದ ಗ್ಲೌಸು ಅವರಿಗಷ್ಟೇ. ಅದನ್ನು ಕಳಚಿದ ಮೇಲೂ ಕೈ ತೊಳೆಯುವುದು ತಪ್ಪುವುದಿಲ್ಲ.

ರೋಗಿಯ ಕಡೆಯವರೇ, "ಕೈ ತೊಳಕೊಂಡ್ರೇನ್ರಿ?" ಎಂದು ಕೇಳಲು ನಾಚಬೇಡಿ. ಕೇಳಿಸಿಕೊಂಡವರೇ, ಸಿಟ್ಟಾಗಬೇಡಿ. ಜಂಬವ್ವ ತನ್ನ ಸೊಸೆಯನ್ನೇ ಬಿಡಲಿಲ್ಲ.