ಪಾತಿಯ ಸೊಪ್ಪು

"ಮಡ್ಲು ಬಿಚ್ಚೇ ಲೌಡಿ! ಬಸುರೇನೇ ನೀನು, ಹಂಗೆ ಹೊಟ್ಟೆ ಹಿಡ್ಕಂಡು ನಿಂತಿದ್ದೀಯ?"

ಮೇಸ್ತ್ರಿ ದೊಡ್ಡರಂಗಯ್ಯನ ಕೂಗಿಗೆ ಗೇಟಿನ ಮುಂದೆ ಸಾಲಾಗಿ ನಿಂತಿದ್ದ ಹೆಣ್ಣಾಳುಗಳೆಲ್ಲ ತಲೆ ತಗ್ಗಿಸಿದರು. ಭೂತಮ್ಮ ಮಡಿಲು ಬಿಚ್ಚಿದಳು. ಒಂದು ಹಿಡಿ ಹೊನಗೊನ್ನೆ, ಒಂದಿಷ್ಟು ಅಣ್ಣೆಸೊಪ್ಪು ನೆಲಕ್ಕೆ ಬಿದ್ದವು. ಬೆಳಗಿನಿಂದ ತೆಂಗಿನ ಸಸಿಗಳ ಪಾತಿಯಲ್ಲಿ ಅವಳೇ ಕಿತ್ತ ಕಳೆ.

ಕುರ್ಚಿ ಹಾಕಿಸಿಕೊಂಡು ಕೂತಿದ್ದ ತೋಟದ ಯಜಮಾನ ಬಸವರಾಜಪ್ಪನವರು ಎಲೆಅಡಿಕೆ ಉಗಿದರು. "ಕಳೆಯೆಲ್ಲ ಸೀಮೆಹಸಕ್ಕೆ ಅಂತ ಹೇಳಿರ್ಲಿಲ್ವೇನೇ?"

"ಬುದ್ದೀ, ಮಗೀಗೆ ಕಣ್ಣು..."

"ಹಸ ತಿಂದ್ರೆ ಡೈರಿಗೆ ಹಾಲು ಹೋಯ್ತದೆ. ನಿನ್ನ ಮಗು ತಿಂದ್ರೆ ಏನು ಬತ್ತದೆ? ಹೇಲು!"

ಮೇಸ್ತ್ರಿ ನಕ್ಕ. ಸಾಲಿನಲ್ಲಿದ್ದ ಒಂದಿಬ್ಬರು ಹೆಂಗಸರೂ ಹೆದರಿ ನಕ್ಕರು.

"ಇಲಿ ಈದಂಗೆ ಈಯ್ತೀರ," ಎಂದರು ಬಸವರಾಜಪ್ಪನವರು. "ಆಪರೇಷನ್ನಿಗೆ ಸರ್ಕಾರ ಜೀಪು ಕಳ್ಸಿದ್ರೆ ಕಳ್ಳಿಪೊದೆಯಾಗೆ ಅಡಗ್ತೀರ. ಭೂಮಿ ಏನು ರಬ್ಬರೇನೇ, ನಿಮಗೆಲ್ಲ ಸಾಲೋ ಹಂಗೆ ಎಳೆಯಾಕೆ?"

ಭೂತಮ್ಮನಿಗೆ ಇದ್ದದ್ದು ಒಂದೇ ಹೆಣ್ಣುಮಗು. ಮೇಸ್ತ್ರಿ ಸೊಪ್ಪನ್ನು ಬಾಚಿ ಹಸುವಿನ ಬುಟ್ಟಿಗೆ ಹಾಕಿದ.

ಆ ತೋಟ ಹೋದ ವರ್ಷದವರೆಗೂ ರಾಗಿಹೊಲ. ಕೊಯ್ಲಿನ ಕೂಲಿಗೆ ರಾಗಿಯನ್ನೇ ಅಳೆಯುತ್ತಿದ್ದರು. ಸಾಲಿನ ನಡುವಿನ ಸೊಪ್ಪನ್ನು ಯಾರು ಕಿತ್ತರೂ ಕೇಳುವವರಿರಲಿಲ್ಲ. ಕಳೆ ತೆಗೆದರೆಂದು ಯಜಮಾನತಿ ಸುವರ್ಣಮ್ಮನವರು ಮೇಲಿಂದ ಮಜ್ಜಿಗೆಯನ್ನೂ ಹುಯ್ಯುತ್ತಿದ್ದರು. ಆಮೇಲೆ ತಿಪಟೂರಿನಲ್ಲಿ ಕೊಬ್ಬರಿಗೆ ಬೆಲೆ ಬಂತು. ಪಂಪ್‌ಸೆಟ್ಟು ಬಂತು, ಮುಳ್ಳುತಂತಿ ಬಂತು, ಸೀಮೆಹಸು ಬಂತು. ರಾಗಿ ಹೋಯಿತು, ಮಜ್ಜಿಗೆಯೂ ಹೋಯಿತು. ಈಗ ಕೈಗೆ ದುಡ್ಡು ಕೊಡುತ್ತಾರೆ. ದುಡ್ಡಿಗೆ ಸೊಸೈಟಿಯಲ್ಲಿ ಹುಳು ಬಿದ್ದ ಕೆಂಪುಜೋಳ ಸಿಗುತ್ತದೆ, ಸಿಕ್ಕ ದಿನ.

ಭೂತಮ್ಮ ಹಟ್ಟಿ ಸೇರುವಾಗ ಮಬ್ಬಾಗಿತ್ತು. ಮಗಳು ಹೊಂಬಾಳೆ ತಾಯಿಯ ದನಿ ಕೇಳಿ ಎದ್ದು ಬಂದು ಕಂಬಕ್ಕೆ ಹಣೆ ಬಡಿದುಕೊಂಡಳು. ಅಳಲಿಲ್ಲ. ಅಭ್ಯಾಸವಾಗಿತ್ತು.

"ಅವ್ವ, ದೀಪ ಹಚ್ಚೇ."

ದೀಪ ಉರಿಯುತ್ತಲೇ ಇತ್ತು.

ಇರುಳುಗಣ್ಣು ಎಂದಿದ್ದಳು ನರ್ಸಮ್ಮ. ಸೊಪ್ಪು, ಹಾಲು ಕೊಡು, ಹಿಂಗೇ ಬಿಟ್ಟರೆ ಕಣ್ಣುಗುಡ್ಡೆಯ ಮೇಲೆ ಬಿಳಿ ಕೂತು ಹಗಲೂ ಕಾಣುವುದಿಲ್ಲ ಎಂದಿದ್ದಳು.

"ಕೆರೆ ಏರಿ ಮ್ಯಾಲೆ ನೋಡ್ಬಾರ್ದಾ ಸೊಪ್ಪ?" ಎಂದ ಗಂಡ ಕೆಂಚಯ್ಯ.

"ನೋಡ್ದೆ. ಹಟ್ಟಿ ಹಟ್ಟಿಯೇ ಅಲ್ಲಿ ಕೂತೈತೆ. ಬೇರೂ ಬುಟ್ಟಿಲ್ಲ."

"ಬುಡು ಅತ್ಲಾಗೆ. ಯಜಮಾನ್ರನ್ನ ಎದುರಾಕ್ಕಂಡ್ರೆ ಜೋಳಕ್ಕೂ ಕಲ್ಲು ಬೀಳ್ತದೆ."

ಹೊಂಬಾಳೆ ತಟ್ಟೆಯನ್ನು ಬೆರಳಿನಿಂದ ಹುಡುಕಿ ಉಂಡಳು. ಬರಿಯ ಜೋಳದ ಮುದ್ದೆ, ಉಪ್ಪು, ಮೆಣಸಿನಕಾಯಿ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಸಾಲು ಹಂಚಿದ. "ಪಾತೀಲಿ ಒಂದೆಲೆ ಹಸ್ರು ಉಳೀಬಾರ್ದು ಕಣ್ರೇ. ಹಾಕಿದ ಗೊಬ್ರವೆಲ್ಲ ಅದ್ಕೇ ಆಗೋಯ್ತದೆ." ಹೇಳಿ ಪಂಪುಮನೆಯ ಕಡೆ ಹೋದ.

ಭೂತಮ್ಮ ಮೊದಲ ಪಾತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ತಿಂಗಳ ಹಿಂದೆ ನೆಟ್ಟ ಸಸಿ. ಅದರ ಸುತ್ತ ಹೊನಗೊನ್ನೆ ದಟ್ಟವಾಗಿ ಹಬ್ಬಿತ್ತು, ನಿನ್ನೆಯ ನೀರಿಗೆ ಇನ್ನೂ ಕೊಬ್ಬಿತ್ತು. ಅವಳ ಕೈ ಸೊಪ್ಪಿನ ಬುಡಕ್ಕೆ ಹೋಯಿತು. ಅಲ್ಲಿಂದ ಸರಿದು ಸಸಿಯ ಕತ್ತು ಹಿಡಿಯಿತು.

ಹಿಂದಕ್ಕೂ ಮುಂದಕ್ಕೂ ಅಲುಗಿಸಿ ಎಳೆದಳು. ಮಣ್ಣು ಮೆತ್ತಗಿತ್ತು. ಸಸಿ ಬುಡದ ಕಾಯಿಯ ಸಮೇತ ಮೇಲೆ ಬಂತು. ದಿನಾ ಕಳೆಗೆ ಮಾಡುವಂತೆಯೇ ಬೇರಿನ ಮಣ್ಣು ಕೊಡವಿ ಬದುವಿನ ಮೇಲಿಟ್ಟಳು. ಗುಳಿಗೆ ಮಣ್ಣೆಳೆದು, ಸೊಪ್ಪಿನ ಬುಡ ಅದುಮಿ, ಮುಂದಿನ ಪಾತಿಗೆ ಸರಿದಳು.

ಪಕ್ಕದ ಸಾಲಿನ ಮರಿಯಮ್ಮ ತಲೆಯೆತ್ತಿದಳು. "ಏ ಭೂತೀ! ಸಸಿ ಕಣೇ ಅದು!"

"ಗೊತ್ತು ಕಣಕ್ಕ."

"ಚರ್ಮ ಸುಲೀತಾರೆ ಕಣೇ!"

"ಊಂ."

ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಎದೆಯೊಳಗೆ ಏನಾದರೂ ಆಗಬಹುದೆಂದು ಒಂದು ಗಳಿಗೆ ಕಾದಳು, ಆಗಲಿಲ್ಲ. ಕೈಗಳು ಕೆಲಸ ಮಾಡುತ್ತಿದ್ದವು. ಮರಿಯಮ್ಮ ಪಂಪುಮನೆಯ ಕಡೆ ನೋಡಿದಳು. ಸೆರಗು ತಲೆಗೆಳೆದುಕೊಂಡು, ಎರಡು ಸಾಲು ಆಚೆ ಹೋಗಿ ಬೆನ್ನು ತಿರುಗಿಸಿ ಕೂತಳು.

ಸಾಲು ಅರ್ಧ ಮುಗಿದಿತ್ತು. ಬದುವಿನ ಮೇಲೆ ಸಸಿಗಳು ಒಂದರ ಪಕ್ಕ ಒಂದು ಮಲಗಿದ್ದವು. ಹಿಂದಿನ ಪಾತಿಗಳಲ್ಲೆಲ್ಲ ಸೊಪ್ಪು ಹಾಗೇ ನಿಂತಿತ್ತು.

"ಲೇ! ಲೇ ನಿನ್ನವ್ವನ್! ಏನ್ ಮಾಡ್ತಿದ್ದೀಯೇ ಮುಂಡೆ!"

ದೊಡ್ಡರಂಗಯ್ಯ ಪಂಚೆ ಎತ್ತಿಕಟ್ಟಿ ಓಡಿ ಬರುತ್ತಿದ್ದ. ಅವನ ಹಿಂದೆ, ಗೇಟಿನಲ್ಲಿ, ಬಸವರಾಜಪ್ಪನವರು ಕುರ್ಚಿಯಿಂದ ಏಳುತ್ತಿದ್ದರು.

ಭೂತಮ್ಮ ತಿರುಗಿ ನೋಡಲಿಲ್ಲ. ಕೈಗೆ ಸಿಕ್ಕಿದ್ದ ಸಸಿ ಬೇರು ಕಚ್ಚಿತ್ತು, ಜಪ್ಪಯ್ಯ ಎನ್ನಲಿಲ್ಲ. ಪಾತಿಯ ಅಂಚಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟಳು.